ಕಾಳುಮೆಣಸಿನ ನಾಡು, ನಾಲ್ಕು ದಿಕ್ಕಿನ ದೊರೆಗಳು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಮಿತಿಯವರು ಫೋನು ಮಾಡಿ ಏನಾದರೂ ಮಾತಾಡಬೇಕು ಎಂದಾಗ, ನಾನು ಬಿ.ಇ. ಮಾಡಿದವನು, ಕಂಪ್ಯೂಟರ್ ಬಗ್ಗೆ ಹೇಳುತ್ತೇನೆ ಎಂದುಕೊಂಡಿದ್ದರೋ ಏನೋ. ಕಂಪ್ಯೂಟರ್ ವಿಷಯವನ್ನು ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ. ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ನಮ್ಮ ಸೀಮೆಯ ಹಳೆಯ ಕಥೆ. ನನ್ನ ಕೆಲಸ ಬೆಂಗಳೂರಿನಲ್ಲಿ. ಜೊತೆಗೆ ಕೆಲಸ ಮಾಡುವ ತಂಡ ದಕ್ಷಿಣ ಕೊರಿಯಾದ್ದು. ಕೆಲಸದ ಮೇಲೆ ಕೆಲವು ತಿಂಗಳು ಸಿಯೋಲ್ ನಗರದಲ್ಲಿ ಇರಬೇಕಾಯಿತು. ರಜೆಯ ದಿನ ಅಲ್ಲಿಯ ಅರಮನೆ, ಕೋಟೆ, ವಸ್ತುಸಂಗ್ರಹಾಲಯ ನೋಡುತ್ತ, ಅವರ ಇತಿಹಾಸ ಓದುತ್ತ ಹೋದಂತೆ ಇದು ಎಲ್ಲೋ ಕೇಳಿದ ಕಥೆಯಂತಿದೆಯಲ್ಲ ಅನ್ನಿಸತೊಡಗಿತು. ಅದು ಸೋಂದೆಯ ಕಥೆಯನ್ನು ಹೋಲುತ್ತಿತ್ತು.

ನಮ್ಮ ಕಡೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ಎರಡು ಕೋಣ ಕಾದಿದರೆ ನಡುವೆ ಇದ್ದ ಗಿಡಕ್ಕೆ ಸಾವು ಎಂಬ ಅರ್ಥದ ಗಾದೆಯೂ ಕನ್ನಡದಲ್ಲಿ ಬಹಳ ಹಳೆಯದು. ಕೊರಿಯಾದವರು ಇದನ್ನೇ, ತಿಮಿಂಗಿಲಗಳ ಜಗಳದಲ್ಲಿ ಸೀಗಡಿಯ ಬೆನ್ನು ಒಡೆಯಿತು ಎನ್ನುತ್ತಾರೆ. ಅವರದು ಸಮುದ್ರದ ನಾಡು, ಹಾಗಾಗಿ ಸೀಗಡಿ. ನಮ್ಮದು ಬೆಟ್ಟದ ನಾಡು, ಹಾಗಾಗಿ ಗಿಡ. ಅನುಭವ ಒಂದೇ.

ಮೊದಲು ನಮ್ಮ ಗಿಡದ ವಿಷಯ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಬೆಟ್ಟಗಳ ನಡುವೆ ಒಂದು ಕಾಲಕ್ಕೆ ಎರಡು ಸಣ್ಣ ರಾಜ್ಯಗಳಿದ್ದವು. ಒಂದು ನಮ್ಮ ತಾಲ್ಲೂಕಿನದೇ ಆದ ಬಿಳಗಿ. ರತ್ನತ್ರಯ ಬಸದಿಯನ್ನು ನೋಡಿದವರಿಗೆ ಅದರ ನೆನಪಿರುತ್ತದೆ. ಇನ್ನೊಂದು ಸೋಂದೆ. ಸೋದೆ, ಸ್ವಾದಿ, ಸುಧಾಪುರ ಎಂದೆಲ್ಲ ಅದಕ್ಕೆ ಹೆಸರು. 16ನೇ ಶತಮಾನದ ನಡುವಿನಲ್ಲಿ ವಿಜಯನಗರದ ಅಧೀನದಲ್ಲಿ ಅರಸಪ್ಪ ನಾಯಕ ಇಲ್ಲಿ ಆಳಲು ತೊಡಗಿದ. ಉಡುಪಿಯ ವಾದಿರಾಜ ಯತಿಗಳಿಗೆ ಆಶ್ರಯ ಕೊಟ್ಟ ದೊರೆ ಇವನೇ. 1565ರಲ್ಲಿ ರಕ್ಕಸತಂಗಡಿಯ ಯುದ್ಧ ನಡೆದು ವಿಜಯನಗರ ಬಿತ್ತು. ದೊಡ್ಡ ಮರ ಬಿದ್ದಾಗ ಅದರ ನೆರಳಿನಲ್ಲಿದ್ದ ಸಣ್ಣ ಗಿಡಗಳಿಗೆ ಬಿಸಿಲೂ ಸಿಗುತ್ತದೆ, ಗಾಳಿಯ ಹೊಡೆತವೂ ತಾಗುತ್ತದೆ. ಸೋಂದೆಗೆ ಎರಡೂ ಆಯಿತು.

ನಕಾಶೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಉತ್ತರಕ್ಕೆ ಬಿಜಾಪುರದ ಆದಿಲಶಾಹಿ. ದಕ್ಷಿಣಕ್ಕೆ ಕೆಳದಿಯ ನಾಯಕರು. ಅವರ ಇಕ್ಕೇರಿ ಸಾಗರದ ಪಕ್ಕದಲ್ಲೇ ಇದೆ. ಪಶ್ಚಿಮಕ್ಕೆ ಗೋವೆಯ ಪೋರ್ಚುಗೀಸರು. 1638ರಲ್ಲಿ ಇಂಗ್ಲಿಷರೂ ಬಂದು ಕಾರವಾರದಲ್ಲಿ ವ್ಯಾಪಾರದ ಕೋಠಿ ಹಾಕಿದರು. ಆಮೇಲೆ ಮರಾಠರು ಬಂದರು. 1675ರಲ್ಲಿ ಶಿವಾಜಿಯ ಸೈನ್ಯ ಫೋಂಡಾವನ್ನು ಗೆದ್ದು ಕಾರವಾರ, ಅಂಕೋಲೆಯವರೆಗೆ ಇಳಿಯಿತು. 1686ರಲ್ಲಿ ಔರಂಗಜೇಬ ಬಿಜಾಪುರವನ್ನೇ ನುಂಗಿದ. ಕೊನೆಗೆ ಮೈಸೂರಿನಿಂದ ಹೈದರಾಲಿ ಎದ್ದ. ಈ ಪ್ರಸಂಗವನ್ನು ಮೇಳದವರು ಆಡಲು ಕೂತರೆ ವೇಷಗಳೇ ಸಾಲುವುದಿಲ್ಲ, ಒಂದು ರಾತ್ರಿಯಂತೂ ಸಾಲುವುದೇ ಇಲ್ಲ.

ಇಷ್ಟು ಜನರಿಗೆ ಈ ಕಾಡಿನ ಮೇಲೆ ಕಣ್ಣು ಯಾಕೆ? ಉತ್ತರ ನಿಮ್ಮ ನಿಮ್ಮ ತೋಟದಲ್ಲೇ ಇದೆ. ಕಾಳುಮೆಣಸು. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯ ಆ ಕಪ್ಪು ಕಾಳು ಘಟ್ಟ ಇಳಿದು, ಬಂದರು ಸೇರಿ, ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. 1670ರ ದಶಕದಲ್ಲಿ ಕಾರವಾರದ ಕಡೆ ಬಂದಿದ್ದ ಇಂಗ್ಲಿಷ್ ವೈದ್ಯ ಜಾನ್ ಫ್ರಯರ್ ಸೋಂದೆಯ ಮೆಣಸಿನ ಹಿರಿಮೆಯನ್ನು ಬರೆದಿದ್ದಾನೆ. ಪಕ್ಕದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಆ ಗೇರುಸೊಪ್ಪೆ 17ನೇ ಶತಮಾನದ ಆರಂಭದಲ್ಲೇ ಕೆಳದಿಯ ವೆಂಕಟಪ್ಪ ನಾಯಕನ ಪಾಲಾಯಿತು. ಸೋಂದೆ ಮಾತ್ರ ಇನ್ನೂ ಒಂದೂವರೆ ಶತಮಾನ ಉಳಿಯಿತು.

ಹೇಗೆ ಉಳಿಯಿತು? ಬಲವಿದ್ದವರಿಗೆ ಕಪ್ಪ ಕೊಟ್ಟು ಉಳಿಯಿತು; ಮೊದಲು ಬಿಜಾಪುರಕ್ಕೆ, ಮುಂದೆ ಮರಾಠರಿಗೆ. ಪೋರ್ಚುಗೀಸರ ಜೊತೆ ಒಮ್ಮೆ ಒಪ್ಪಂದ, ಒಮ್ಮೆ ಜಗಳ. ಕೆಳದಿಯ ಜೊತೆ ಗಡಿಯ ಕಾಳಗ. ದೊಡ್ಡವರು ತಮ್ಮತಮ್ಮಲ್ಲಿ ಬಡಿದಾಡುವಾಗ ಸಂದಿಯಲ್ಲಿ ಒಂದಿಷ್ಟು ಊರುಗಳನ್ನು ತನ್ನದಾಗಿಸಿಕೊಂಡದ್ದೂ ಉಂಟು. ಫೋಂಡಾ ಹಾಗೆ ಮುಂದೆ ಸೋಂದೆಯ ಕೈಗೆ ಬಂತು. ಸ್ವತಃ ಕನ್ನಡದ ಕವಿಯಾಗಿದ್ದ ಸದಾಶಿವರಾಯನ ಹೆಸರಿನಲ್ಲಿ ಅವನ ಮಗ ಬಸವಲಿಂಗರಾಜ ಕಾಳಿ ನದಿಯ ಮುಖದಲ್ಲಿ ಸದಾಶಿವಗಡದ ಕೋಟೆ ಕಟ್ಟಿಸಿದ. 1752ರಲ್ಲಿ ಪೋರ್ಚುಗೀಸರು ಆ ಕೋಟೆಯನ್ನು ಕಿತ್ತುಕೊಂಡರು, ಎರಡು ವರ್ಷದಲ್ಲಿ ಹಿಂದಕ್ಕೆ ಕೊಟ್ಟರು. ಇದನ್ನೆಲ್ಲ ಹೇಡಿತನ ಎಂದು ಕೆಲವರು ನಗಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಸಣ್ಣ ಹಿಡುವಳಿಯವನು ಸಾಲ, ಸೊಸೈಟಿ, ಸಾಹುಕಾರ ಎಲ್ಲವನ್ನೂ ಸಂಭಾಳಿಸಿಕೊಂಡು ತೋಟ ಉಳಿಸಿಕೊಳ್ಳುವುದನ್ನು ಕಂಡು ಬೆಳೆದವರು ನಾವು. ಆ ಜಾಣತನದ ಬೆಲೆ ನಮಗೆ ಗೊತ್ತು.

ಆದರೆ ಒಂದು ಮಾತು ಮರೆಯಬಾರದು. ದೊರೆ ಕಪ್ಪ ಕೊಟ್ಟ ಎಂದು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆಯುತ್ತಾರೆ. ಆ ಹಣ ಕೊನೆಗೆ ಬಂದದ್ದು ತೋಟದವನ ತೆರಿಗೆಯಿಂದ, ಗದ್ದೆಯಲ್ಲಿ ದುಡಿದವರ ಬೆವರಿನಿಂದ, ಮೂಟೆ ಹೊತ್ತು ಘಟ್ಟ ಇಳಿದವರ ಬೆನ್ನಿನಿಂದ.

ಈಗ ಕೊರಿಯಾಕ್ಕೆ ಹೋಗೋಣ. ನಕಾಶೆಯಲ್ಲಿ ಅದು ಚೀನಾದಿಂದ ಜಪಾನಿನ ಕಡೆ ಚಾಚಿದ ಕೈಯಂತೆ ಕಾಣುತ್ತದೆ. 1392ರಿಂದ ಅಲ್ಲಿ ಆಳಿದ ರಾಜ್ಯಕ್ಕೆ ಜೋಸೊನ್ ಎಂದು ಹೆಸರು. ಚೀನಾದ ಮಿಂಗ್ ಚಕ್ರವರ್ತಿಯನ್ನು ಹಿರಿಯಣ್ಣ ಎಂದು ಒಪ್ಪಿ, ಕಾಣಿಕೆ ಕಳಿಸಿ, ಒಳಗಿನ ಆಡಳಿತವನ್ನು ತಾವೇ ನೋಡಿಕೊಳ್ಳುತ್ತಿದ್ದರು. 1592ರಲ್ಲಿ, ನಮ್ಮಲ್ಲಿ ವಾದಿರಾಜರು ಇನ್ನೂ ಸೋಂದೆಯಲ್ಲಿದ್ದ ಕಾಲದಲ್ಲಿ, ಜಪಾನನ್ನು ಒಂದುಗೂಡಿಸಿದ ತೊಯೊತೊಮಿ ಹಿದೆಯೋಶಿ ಚೀನಾವನ್ನು ಗೆಲ್ಲಲು ಹೊರಟ. ಕೊರಿಯಾ ದಾರಿ ಬಿಡಬೇಕು ಎಂದ. ಅವರು ಬಿಡಲಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚಿನ ಸೈನ್ಯ ಬುಸಾನ್ ಬಂದರಿನಲ್ಲಿ ಇಳಿಯಿತು. ಸುಮಾರು ಇಪ್ಪತ್ತು ದಿನಗಳಲ್ಲಿ ರಾಜಧಾನಿ ಸಿಯೋಲ್ ಬಿತ್ತು. ದೊರೆ ಸೊಂಜೊ ಉತ್ತರದ ಗಡಿಗೆ ಓಡಿಹೋದ. ಕೊರಿಯಾವನ್ನು ಉಳಿಸಲು ಚೀನಾದ ಸೈನ್ಯ ಬಂತು. ಅಂದರೆ ಎರಡು ಕೋಣಗಳೂ ಗಿಡದ ಬುಡದಲ್ಲೇ ನಿಂತವು. ಬಂದ ಎರಡೂ ಸೈನ್ಯಗಳ ಹೊಟ್ಟೆಗೆ ಊರಿನ ಅಕ್ಕಿಯೇ ಆಗಬೇಕಿತ್ತು.

ಸಮುದ್ರದಲ್ಲಿ ಮಾತ್ರ ಯಿ ಸುನ್-ಸಿನ್ ಎಂಬ ದಳಪತಿ ಜಪಾನಿನ ಹಡಗುಗಳನ್ನು ಮತ್ತೆ ಮತ್ತೆ ಸೋಲಿಸಿದ. 1597ರಲ್ಲಿ ಜಪಾನಿನ ಸೈನ್ಯ ಎರಡನೆಯ ಸಲ ಬಂದಾಗ ಅವನ ಬಳಿ ಉಳಿದಿದ್ದದ್ದು ಹದಿಮೂರೇ ಹಡಗು. ಕಿರಿದಾದ ಕಡಲಗಂಡಿಯೊಂದರಲ್ಲಿ, ನೀರಿನ ಸೆಳೆತದ ಲೆಕ್ಕ ಹಿಡಿದು, ಅಷ್ಟರಲ್ಲೇ ನೂರಕ್ಕೂ ಹೆಚ್ಚು ಹಡಗುಗಳ ಪಡೆಯನ್ನು ತಡೆದ. 1598ರ ಕೊನೆಯ ಕಾಳಗದಲ್ಲಿ ಗುಂಡು ತಾಗಿ ಸತ್ತ. ಅದೇ ವರ್ಷ ಹಿದೆಯೋಶಿಯೂ ಸತ್ತು ಯುದ್ಧ ನಿಂತಿತು.

ಮೂವತ್ತು ವರ್ಷ ಕಳೆಯುವುದರೊಳಗೆ ಎರಡನೆಯ ಸರದಿ. ಉತ್ತರದಲ್ಲಿ ಮಂಚುಗಳು ಬೆಳೆದು ಮಿಂಗ್ ಚೀನಾದ ಮೇಲೆ ಏರಿ ಬಂದರು. ಆಗಿನ ದೊರೆ ಗ್ವಾಂಗ್‌ಹೇ ಎರಡೂ ಕಡೆಗೆ ಬೆನ್ನು ಹಾಕದೆ ಸಮತೂಕ ಮಾಡಲು ನೋಡಿದ. ಉಪಕಾರ ಮಾಡಿದ ಹಿರಿಯಣ್ಣನಿಗೆ ಇದು ದ್ರೋಹ ಎನ್ನುವವರು ಆಸ್ಥಾನದಲ್ಲಿದ್ದರು. 1623ರಲ್ಲಿ ಅವನನ್ನು ಇಳಿಸಿದರು. ಅದೇ ವರ್ಷ ನಮ್ಮ ಕಡೆ ಪೋರ್ಚುಗೀಸರ ರಾಯಭಾರಿ ಮೆಣಸಿನ ಮಾತುಕತೆಗೆಂದು ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಹೋಗುತ್ತಿದ್ದ. ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ದಾರಿಯನ್ನೆಲ್ಲ ಬರೆದಿಟ್ಟಿದ್ದಾನೆ. ಕೊರಿಯಾದ ಹೊಸ ದೊರೆ ಇಂಜೊ ಮಿಂಗ್ ಪಕ್ಷಕ್ಕೆ ಅಂಟಿಕೊಂಡ. ಮಂಚುಗಳು 1627ರಲ್ಲಿ ಒಮ್ಮೆ ಬಂದರು, 1636ರ ಚಳಿಗಾಲದಲ್ಲಿ ಮತ್ತೆ ಬಂದರು. ದೊರೆ ಬೆಟ್ಟದ ಕೋಟೆಯಲ್ಲಿ ಒಂದೂವರೆ ತಿಂಗಳು ಹಿಮದಲ್ಲಿ ಸಿಕ್ಕಿಬಿದ್ದ. 1637ರ ಆರಂಭದಲ್ಲಿ ಇಳಿದು ಬಂದು, ಮಂಚು ದೊರೆಯ ಮುಂದೆ ಮೂರು ಸಲ ಮಂಡಿಯೂರಿ ಒಂಬತ್ತು ಸಲ ತಲೆ ನೆಲಕ್ಕೆ ಮುಟ್ಟಿಸಿದ. ಆ ಬೆಟ್ಟದ ಕೋಟೆ ಸಿಯೋಲ್ ಪಕ್ಕದಲ್ಲೇ ಇದೆ. ರಜೆಯ ದಿನ ಜನ ಬುತ್ತಿ ಕಟ್ಟಿಕೊಂಡು ಹತ್ತುತ್ತಾರೆ. ನಾನೂ ಹತ್ತಿದ್ದೇನೆ. ತಮ್ಮ ದೊರೆ ಸೋತ ಜಾಗವನ್ನು ಅವರು ಮಕ್ಕಳಿಗೆ ತೋರಿಸಿ, ಏನು ನಡೆಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಅದು ನನಗೆ ಬಹಳ ಹಿಡಿಸಿತು.

ಇನ್ನು ಸೋಂದೆಯ ಕೊನೆ. 1763ರಲ್ಲಿ ಹೈದರಾಲಿ ಕೆಳದಿ ಅರಸರ ಬಿದನೂರನ್ನು ಗೆದ್ದ. ದಕ್ಷಿಣದ ನೆರೆಮನೆಗೆ ಬೆಂಕಿ ಬಿದ್ದ ಮೇಲೆ ಸೋಂದೆಗೆ ಹೆಚ್ಚು ಸಮಯ ಇರಲಿಲ್ಲ. ಹೈದರನ ಸೈನ್ಯ ಬಂತು. ಕೊನೆಯ ದೊರೆ ಇಮ್ಮಡಿ ಸದಾಶಿವ ಕುಟುಂಬದೊಡನೆ ಘಟ್ಟ ಇಳಿದು, ತನ್ನ ಹಿರಿಯರು ಎಷ್ಟೋ ಸಲ ಕಾದಾಡಿದ್ದ ಪೋರ್ಚುಗೀಸರನ್ನೇ ಆಶ್ರಯಿಸಿದ. ಘಟ್ಟದ ಕೆಳಗಿನ ಫೋಂಡಾ, ಕಾಣಕೋಣ ಮುಂತಾದ ಸೀಮೆಗಳು ಪೋರ್ಚುಗೀಸರ ಕೈ ಸೇರಿದವು. ದೊರೆಗೆ ವರ್ಷಾಶನ ಗೊತ್ತಾಯಿತು. ಎಂದಾದರೂ ಸೋಂದೆಗೆ ಮರಳುವ ಆಸೆ ಇತ್ತು. 1791ರ ಒಪ್ಪಂದದಲ್ಲಿ ಆ ಸೀಮೆಗಳನ್ನು ವಿಧಿಪೂರ್ವಕ ಬಿಟ್ಟುಕೊಟ್ಟಲ್ಲಿಗೆ ಅದೂ ಮುಗಿಯಿತು. ಇವತ್ತು ಗೋವೆಯ ಹೊಸ ತಾಲ್ಲೂಕುಗಳು ಎನ್ನಿಸಿಕೊಂಡ ಪ್ರದೇಶದ ದೊಡ್ಡ ಭಾಗ ಹೀಗೆ ಸೋಂದೆಯಿಂದ ಹೋದದ್ದು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಇಲ್ಲಿಗೆ ಬರುವಾಗ ರಾಜಧಾನಿ ಹಾಳು ಬಿದ್ದಿತ್ತು. ಆಮೇಲೆ ನಮ್ಮ ಜಿಲ್ಲೆ ಮದ್ರಾಸಿನ ಕೈಯಲ್ಲಿತ್ತು, 1862ರಲ್ಲಿ ಮುಂಬಯಿಗೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು.

ಕೊರಿಯಾ ಇಷ್ಟೆಲ್ಲ ಆದ ಮೇಲೂ ಕೊರಿಯಾ ಆಗಿಯೇ ಉಳಿಯಿತು. ಸೋಂದೆ ರಾಜ್ಯ ಉಳಿಯಲಿಲ್ಲ. ಇಡೀ ದೇಶವೊಂದಕ್ಕೂ ಕಾಡಿನ ಪಾಳೆಯಕ್ಕೂ ಬಲದಲ್ಲಿ ಹೋಲಿಕೆ ಸಲ್ಲದು, ಅದು ನನಗೆ ಗೊತ್ತಿದೆ. ನಾನು ಹೋಲಿಸುವುದು ಬೇರೆ ಒಂದು ವಿಷಯದಲ್ಲಿ. ಅದೇ ಇವತ್ತಿನ ನನ್ನ ಮಾತಿನ ತಿರುಳು.

ಜೋಸೊನ್ ಆಸ್ಥಾನದಲ್ಲಿ ದಿನದಿನದ ವಿಷಯ ಬರೆಯುವ ದಾಖಲೆಕಾರರಿದ್ದರು. ಒಬ್ಬ ದೊರೆ ಸತ್ತ ಮೇಲೆ ಅವನ ಕಾಲದ ವೃತ್ತಾಂತವನ್ನು ಸಂಪುಟ ಮಾಡುತ್ತಿದ್ದರು. ಅವಕ್ಕೆ ಸಿಲ್ಲೋಕ್ ಎಂದು ಹೆಸರು. ಅದರ ನಾಲ್ಕು ಪ್ರತಿಗಳನ್ನು ನಾಲ್ಕು ಊರುಗಳಲ್ಲಿ ಇಟ್ಟಿದ್ದರು. 1592ರ ಯುದ್ಧದಲ್ಲಿ ಮೂರು ಉಗ್ರಾಣಗಳು ಸುಟ್ಟುಹೋದವು. ಉಳಿದದ್ದು ಜೊಂಜು ಎಂಬ ಊರಿನದೊಂದೇ. ಶತ್ರುಗಳು ಅತ್ತ ಬರುತ್ತಿದ್ದಾರೆ ಎಂದಾಗ ಆ ಸೀಮೆಯ ಇಬ್ಬರು ಓದುಬರಹ ಬಲ್ಲವರು, ಆನ್ ಉಯಿ ಮತ್ತು ಸೊನ್ ಹೊಂಗ್-ನೋಕ್, ತಾವಾಗಿ ಮುಂದೆ ಬಂದರು. ಇಬ್ಬರೂ ಸೈನಿಕರಲ್ಲ, ಇಬ್ಬರೂ ಹರೆಯದವರಲ್ಲ. ಪೆಟ್ಟಿಗೆಗಟ್ಟಲೆ ಪುಸ್ತಕಗಳನ್ನು ನೇಜಾಂಗ್ ಎಂಬ ಬೆಟ್ಟಕ್ಕೆ ಸಾಗಿಸಿ, ವರ್ಷಕ್ಕೂ ಹೆಚ್ಚು ಕಾಲ ಕಾದರು. ಯುದ್ಧ ಮುಗಿದ ಮೇಲೆ ಆ ಒಂದು ಪ್ರತಿಯಿಂದ ಹೊಸ ಪ್ರತಿಗಳನ್ನು ಮಾಡಿಸಿ, ಈ ಸಲ ಹೆಚ್ಚಿನವನ್ನು ದೂರದ ಬೆಟ್ಟಗಳಲ್ಲಿ ಇಟ್ಟರು. 472 ವರ್ಷಗಳ ಆ ವೃತ್ತಾಂತ ಇವತ್ತು ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಯಲ್ಲಿದೆ. ಇವತ್ತು ಅದನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಓದಬಹುದು.

ನಮ್ಮ ವೃತ್ತಿಯಲ್ಲಿ ಇದಕ್ಕೆ ಬ್ಯಾಕಪ್ ಎನ್ನುತ್ತೇವೆ. ಒಂದೇ ಕಡೆ ಇಟ್ಟದ್ದು ಇಟ್ಟಂತಲ್ಲ ಎಂಬುದು ಕಂಪ್ಯೂಟರ್ ಕೆಲಸದವರು ಮೊದಲು ಕಲಿಯುವ ಪಾಠ. ಅದನ್ನು ಅವರು ಮರದ ಪೆಟ್ಟಿಗೆಯ ಕಾಲದಲ್ಲೇ ತಿಳಿದಿದ್ದರು.

ಸೋಂದೆಯಲ್ಲಿ ಏನು ಉಳಿಯಿತು? ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ, ಮೂರೂ ಉಳಿದವು. ರಾಜ್ಯ ಹೋದರೂ ಮೂರು ಪರಂಪರೆಯ ದೀಪಗಳು ಅಕ್ಕಪಕ್ಕದಲ್ಲಿ ಉರಿಯುತ್ತ ಬಂದದ್ದು ಸಣ್ಣ ಮಾತಲ್ಲ. ಅಡಿಕೆ ತೋಟ ಉಳಿಯಿತು, ಮೆಣಸಿನ ಬಳ್ಳಿ ಉಳಿಯಿತು, ಮಾತು ಉಳಿಯಿತು. ಆದರೆ ಆ ರಾಜ್ಯದ ಕಥೆ ಬೇಕಾದರೆ ನಾವು ಗೋವೆಯ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿ ಪೋರ್ಚುಗೀಸರು "ನೆರೆಯ ರಾಜರು" ಎಂಬ ಹೆಸರಿನಲ್ಲಿ ಸಾಲುಸಾಲು ಸಂಪುಟಗಳನ್ನು ಇಟ್ಟಿದ್ದಾರೆ. ಇತಿಹಾಸಕಾರ ಬಿ. ಎಸ್. ಶಾಸ್ತ್ರಿಯವರು ಪೋರ್ಚುಗೀಸ್ ದಾಖಲೆಗಳನ್ನು ಓದಿಯೇ 1498ರಿಂದ 1763ರವರೆಗಿನ ಗೋವೆ ಮತ್ತು ಕೆನರಾ ಸಂಬಂಧದ ಇತಿಹಾಸ ಬರೆದರು. ಇಲ್ಲದಿದ್ದರೆ ಇಂಗ್ಲಿಷರ ಕೋಠಿಯ ಪತ್ರ, ಮರಾಠರ ದಫ್ತರ. ನಮ್ಮ ಬಗ್ಗೆ ನೆರೆಯವರು ತಮ್ಮ ಲಾಭನಷ್ಟದ ಲೆಕ್ಕಕ್ಕಾಗಿ ಬರೆದದ್ದೇ ಹೆಚ್ಚು. ಅದರಲ್ಲಿ ದೊರೆಯ ಹೆಸರು ಸಿಗುತ್ತದೆ, ಮೆಣಸಿನ ಧಾರಣೆ ಸಿಗುತ್ತದೆ. ನಮ್ಮ ಅಜ್ಜಂದಿರ ಅಜ್ಜಂದಿರು ಸೈನ್ಯ ಬಂದ ರಾತ್ರಿ ಯಾವ ಬೆಟ್ಟ ಹತ್ತಿದರು ಎಂಬುದು ಸಿಗುವುದಿಲ್ಲ.

ಹಾಗಂತ ನಮ್ಮವರು ಬರೆಯುತ್ತಲೇ ಇರಲಿಲ್ಲ ಎಂದಲ್ಲ. ಟಿಪ್ಪುವಿನ ಪತನದ ನಂತರ ಕೆನರಾದ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ, ಇಲ್ಲಿಯ ಭೂಮಿಯ ಹಕ್ಕು ಮತ್ತು ತೆರಿಗೆಯನ್ನು ತಿಳಿಯಲು ಹಳೆಯ ಲೆಕ್ಕಪತ್ರಗಳನ್ನೇ ಹುಡುಕಿ ನೋಡಿದ. ಜಮೀನು ತಲೆಮಾರಿನಿಂದ ರೈತರ ಸ್ವಂತದ್ದು ಎಂಬುದು ಅವನಿಗೆ ಕಂಡದ್ದು ಅವುಗಳಿಂದ. ಕಾಗದ ಉಳಿದಿದ್ದರಿಂದ ಹಕ್ಕು ಉಳಿಯಿತು. ಕಾಗದ ಇಲ್ಲದವರ ಹಕ್ಕು ಏನಾಯಿತು ಎಂಬುದನ್ನೂ ಯೋಚಿಸಬೇಕು.

ಅಂಥ ಕಾಗದ ನಮ್ಮ ಸೀಮೆಯಲ್ಲಿ ಇನ್ನೂ ಇದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ. ತಾಳೆಗರಿ, ಕಡತ, ಹಳೆಯ ಅಡಿಕೆ ವ್ಯಾಪಾರದ ಲೆಕ್ಕ, ಮದುವೆಯ ಖರ್ಚಿನ ಪಟ್ಟಿ, ಯಕ್ಷಗಾನದ ಕೈಬರಹದ ಪ್ರತಿ, ಮುಂಬಯಿ ಸರಕಾರದ ಕಾಲದ ರಸೀದಿ. ಬೆಟ್ಟದ ಅಂಚಿನಲ್ಲಿ ವೀರಗಲ್ಲು, ಮಾಸ್ತಿಕಲ್ಲು ಇವೆ. ಯಾವ ಹೈದರನೂ ಈಗ ಬರಬೇಕಿಲ್ಲ. ಒರಲೆ ಸಾಕು, ಮಳೆಗಾಲದ ಸೋರುವ ಮಾಡು ಸಾಕು. ಅದಕ್ಕಿಂತ ಹೆಚ್ಚಿನದು ಮನೆಗೆ ಬೀಳುವ ಬೀಗ. ನನ್ನಂಥವರು ಬೆಂಗಳೂರು ಸೇರಿದೆವು. ಅಪ್ಪ ಅಮ್ಮನಿಗೆ ವಯಸ್ಸಾಯಿತು. ಮನೆ ಬಿಚ್ಚುವ ದಿನ ಪೆಟ್ಟಿಗೆಯಲ್ಲಿ ಏನಿದೆ ಎಂದು ಓದಬಲ್ಲವರು ಯಾರೂ ಇರುವುದಿಲ್ಲ. ಹಳೆಯ ಮೋಡಿ ಅಕ್ಷರ, ಹಳೆಯ ಕೈಬರಹ ಓದಬಲ್ಲ ಹಿರಿಯರು ಈಗಲೇ ಬೆರಳೆಣಿಕೆಯಷ್ಟು. ಹತ್ತು ವರ್ಷದ ನಂತರ ಈ ಮಾತನ್ನು ಹೇಳಿ ಪ್ರಯೋಜನವಿಲ್ಲ.

ಹಾಗಾಗಿ ಒಂದು ಸಣ್ಣ ಕೆಲಸವನ್ನು ನಿಮ್ಮ ಮುಂದಿಡುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳು, ಒಬ್ಬರು ಶಿಕ್ಷಕರು, ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕೈದು ಜನ ಸೇರಿ ವರ್ಷಕ್ಕೆ ಕೆಲವು ಮನೆಗಳಿಗೆ ಹೋಗೋಣ. ಕಾಗದವನ್ನು ಮನೆಯಿಂದ ಹೊರಗೆ ಒಯ್ಯುವುದು ಬೇಡ. ಅಲ್ಲೇ ಚಾವಡಿಯ ಬೆಳಕಿನಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆಯೋಣ. ಜಮೀನಿನ ಕಾಗದ ಎಂದರೆ ಅಂಜಿಕೆ ಇರುತ್ತದೆ, ಅದು ಸಹಜ. ಮನೆಯವರು ಬೇಡ ಎಂದದ್ದನ್ನು ಮುಟ್ಟುವುದು ಬೇಡ. ಶಾಸನದ ಕಲ್ಲಿಗೆ ಸುಣ್ಣ, ಬಣ್ಣ ಬಳಿಯುವುದು ಬೇಡ. ಇದ್ದಲ್ಲೇ ಇರಲಿ, ಜಾಗ ಬರೆದುಕೊಳ್ಳೋಣ. ಓದಬಲ್ಲ ಹಿರಿಯರಿಂದ ಗಟ್ಟಿಯಾಗಿ ಓದಿಸಿ ಅವರ ದನಿಯನ್ನೂ ಮುದ್ರಿಸಿಕೊಳ್ಳೋಣ. ತೋಟದವರ ಮನೆ ಮಾತ್ರ ಸಾಲದು. ಕಾಗದವೇ ಇಲ್ಲದ ಮನೆಗಳಲ್ಲಿ ನೆನಪೇ ದಾಖಲೆ. ಗದ್ದೆಯಲ್ಲಿ ದುಡಿದವರ, ಮೂಟೆ ಹೊತ್ತವರ ಮೊಮ್ಮಕ್ಕಳ ಮನೆಗೂ ಹೋಗಿ ಕೇಳಿ ಬರೆದುಕೊಳ್ಳೋಣ. ಎಲ್ಲದರ ಮೂರು ಪ್ರತಿ ಮಾಡೋಣ: ಒಂದು ಆ ಮನೆಯವರಿಗೆ, ಒಂದು ಈ ಶಾಲೆಗೆ, ಒಂದು ಊರಿನ ಹೊರಗೆ. ಕಂಪ್ಯೂಟರಿನ ಭಾಗ, ಅದರ ಖರ್ಚು ನನ್ನ ಮತ್ತು ನನ್ನ ತರಗತಿಯ ಗೆಳೆಯರ ಜವಾಬ್ದಾರಿ. ನಾವು ಮಾತಾಡಿಕೊಂಡೇ ಬಂದಿದ್ದೇವೆ.

ಮೊದಲ ಪ್ರತಿ ಯಾವುದರದು ಎಂಬುದನ್ನೂ ಯೋಚಿಸಿದ್ದೇವೆ. ಈ ಶಾಲೆಯ ಐವತ್ತು ವರ್ಷಗಳ ಪ್ರವೇಶ ದಾಖಲಾತಿ ಪುಸ್ತಕ. ಯಾರ ಮನೆಯಿಂದ ಮೊದಲು ಹೆಣ್ಣುಮಗಳು ಹೈಸ್ಕೂಲಿಗೆ ಬಂದಳು, ಯಾವ ಹಳ್ಳಿಯಿಂದ ಎಷ್ಟು ಮಕ್ಕಳು ನಡೆದು ಬಂದರು ಎಂಬುದೆಲ್ಲ ಅದರಲ್ಲಿದೆ. ಯಾವ ದೊರೆಯ ದಫ್ತರದಲ್ಲೂ ಇಲ್ಲದ ಇತಿಹಾಸ ಅದು. ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಶುರು ಮಾಡುತ್ತೇವೆ. ಕೈಬರಹ ಚೆನ್ನಾಗಿರುವ ಇಬ್ಬರು ಮಕ್ಕಳು ಬೇಕು.